ಹಳ್ಳಿಯ ಗಾಳಿಗೂ ಬೇಕು ಒಂದು ಅಳತೆ

ಡಿಸೆಂಬರ್ ತಿಂಗಳ ಸಂಜೆ. ತುಂಗಭದ್ರಾ ಎಡದಂಡೆ ಕಾಲುವೆಯ ಬಯಲು. ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ಗದ್ದೆಗಳಲ್ಲಿ ಕಟಾವು ಯಂತ್ರ ಭತ್ತ ಕೊಯ್ದುಕೊಂಡು ಹೋಗಿದೆ. ಹಿಂದೆ ಉಳಿದದ್ದು ಕೂಳೆ ಮತ್ತು ಸಾಲು ಸಾಲಾಗಿ ಬಿದ್ದ ಹುಲ್ಲು. ಕಾಲುವೆಗೆ ಮತ್ತೆ ನೀರು ಬಿಡುವಷ್ಟರಲ್ಲಿ ಎರಡನೇ ಬೆಳೆಗೆ ಗದ್ದೆ ಸಿದ್ಧವಾಗಬೇಕು. ಬದುವಿನ ಮೂಲೆಯಲ್ಲಿ ಒಂದು ಕಡ್ಡಿ ಗೀರಿದರೆ ಸಾಕು, ನೋಡನೋಡುತ್ತಿದ್ದಂತೆ ಗದ್ದೆ ಬರಿದಾಗುತ್ತದೆ. ಹೊಗೆ ಮೊದಲು ನೆಟ್ಟಗೆ ಮೇಲೇಳುತ್ತದೆ. ಹೊತ್ತು ಮುಳುಗಿ ತಂಪು ಇಳಿದಂತೆ ಅದೂ ಇಳಿಯುತ್ತದೆ. ಬೆಳಗ್ಗೆ ಹಾಲು ಹಾಕಲು ಡೇರಿಗೆ ಹೊರಟವರು, ಶಾಲೆಯ ಬಸ್ಸಿಗೆ ಕಾದವರು, ಒಲೆಗೆ ಸೌದೆ ಒಟ್ಟುತ್ತಿರುವವರು ಎಲ್ಲರೂ ಅದರ ನಡುವೆಯೇ ಇರುತ್ತಾರೆ. ‘ಈ ಸಲ ಮಂಜು ಜಾಸ್ತಿ’ ಎನ್ನುತ್ತಾರೆ.

ಅದರಲ್ಲಿ ಮಂಜೆಷ್ಟು, ಹೊಗೆಯೆಷ್ಟು? ಊರಿನಲ್ಲಿ ಹೇಳಬಲ್ಲವರು ಯಾರೂ ಇಲ್ಲ. ಮಳೆ ಎಷ್ಟು ಮಿಲಿಮೀಟರ್ ಬಿತ್ತು ಎಂಬುದಕ್ಕೆ ಲೆಕ್ಕವಿದೆ. ಮಣ್ಣಿನಲ್ಲಿ ಸಾರಜನಕ ಎಷ್ಟಿದೆ ಎಂಬುದಕ್ಕೆ ಕಾರ್ಡು ಇದೆ. ಹಾಲಿನಲ್ಲಿ ಕೊಬ್ಬು ಎಷ್ಟು ಎಂದು ಡೇರಿಯ ಯಂತ್ರ ಎರಡು ಹೊತ್ತೂ ಹೇಳುತ್ತದೆ. ಉಸಿರಾಡುವ ಗಾಳಿಗೆ ಮಾತ್ರ ಯಾವ ಲೆಕ್ಕವೂ ಇಲ್ಲ. ಲೆಕ್ಕ ಇಲ್ಲದ್ದರಿಂದಲೇ ಹಳ್ಳಿಯ ಗಾಳಿ ಚೊಕ್ಕಟ ಎಂಬ ನಂಬಿಕೆ ಪೇಟೆಯಲ್ಲೂ ಹಳ್ಳಿಯಲ್ಲೂ ಗಟ್ಟಿಯಾಗಿ ಉಳಿದಿದೆ.

ಕಾನೂನಿನಲ್ಲಿ ಹಳ್ಳಿ ಇದೆ

ನಮ್ಮ ದೇಶದಲ್ಲಿ ವಾಯು ಮಾಲಿನ್ಯ ತಡೆ ಕಾಯ್ದೆ ಬಂದದ್ದು 1981ರಲ್ಲಿ. ಗಾಳಿಯಲ್ಲಿ ಯಾವ ಯಾವ ಕೊಳೆ ಎಷ್ಟರವರೆಗೆ ಇರಬಹುದು ಎಂಬ ಈಗಿನ ಮಿತಿಗಳನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2009ರ ನವೆಂಬರ್‌ನಲ್ಲಿ ಪ್ರಕಟಿಸಿತು. ಒಟ್ಟು 12 ವಸ್ತುಗಳಿಗೆ ಮಿತಿ ಹಾಕಿದ ಆ ಅಧಿಸೂಚನೆಯಲ್ಲಿ ಕೈಗಾರಿಕೆ, ವಸತಿ, ಗ್ರಾಮೀಣ ಪ್ರದೇಶಗಳೆಲ್ಲವೂ ಒಂದೇ ಸಾಲಿನಲ್ಲಿವೆ. ಅಂದರೆ ಬೆಂಗಳೂರಿನ ಪೀಣ್ಯಕ್ಕೆ ಯಾವ ಮಿತಿಯೋ ಸಿರುಗುಪ್ಪದ ಗದ್ದೆ ಬಯಲಿಗೂ ಅದೇ ಮಿತಿ.

ಅತಿ ಸೂಕ್ಷ್ಮ ಕಣಗಳನ್ನು, ಅಂದರೆ ಎರಡೂವರೆ ಮೈಕ್ರಾನ್‌ಗಿಂತ ಸಣ್ಣವನ್ನು, ಪಿಎಂ 2.5 ಎನ್ನುತ್ತಾರೆ. ತಲೆಗೂದಲಿನ ದಪ್ಪದ ಮೂವತ್ತನೇ ಒಂದು ಪಾಲಿನಷ್ಟು ಸಣ್ಣ ಇವು. ಮೂಗು, ಗಂಟಲುಗಳಲ್ಲಿ ತಡೆಯದೆ ಶ್ವಾಸಕೋಶದ ತಳದವರೆಗೆ ಇಳಿಯುತ್ತವೆ. ಒಂದು ಘನ ಮೀಟರ್ ಗಾಳಿಯಲ್ಲಿ ಇವು ದಿನದ ಸರಾಸರಿಯಲ್ಲಿ 60 ಮೈಕ್ರೊಗ್ರಾಂ, ವರ್ಷದ ಸರಾಸರಿಯಲ್ಲಿ 40 ಮೈಕ್ರೊಗ್ರಾಂ ದಾಟಬಾರದು ಎಂಬುದು ನಮ್ಮ ಮಿತಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಟ್ಟ ಇದಕ್ಕಿಂತ ಬಹಳ ಕೆಳಗಿದೆ: ದಿನಕ್ಕೆ 15, ವರ್ಷಕ್ಕೆ 5.

ಮಿತಿ ಎಲ್ಲರಿಗೂ ಒಂದೇ. ಅಳೆಯುವ ಯಂತ್ರಗಳು ಮಾತ್ರ ಹೆಚ್ಚಾಗಿ ನಗರಗಳಲ್ಲೇ ನಿಂತಿವೆ. 2019ರ ಜನವರಿಯಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಹಣ, ಗುರಿ, ಗಡುವು ಎಲ್ಲವನ್ನೂ ಕಟ್ಟಿಕೊಟ್ಟಿದ್ದು ನಗರಗಳಿಗೆ. ಆ ಪಟ್ಟಿಯಲ್ಲಿ ದೇಶದ ಸುಮಾರು 130 ನಗರಗಳಿವೆ. ಕರ್ನಾಟಕದಿಂದ ಬೆಂಗಳೂರು, ಹುಬ್ಬಳ್ಳಿ–ಧಾರವಾಡ, ದಾವಣಗೆರೆ, ಕಲಬುರಗಿ ಇವೆ. ಹಳ್ಳಿಗಳಲ್ಲೂ ಮಾಪನ ಜಾಲ ಬೇಕೆಂಬ ಪ್ರಸ್ತಾಪ ಅದೇ ಕಾರ್ಯಕ್ರಮದಲ್ಲಿ ಇದ್ದರೂ ಜೋರು ಸಿಕ್ಕಿದ್ದು ನಗರದ ಭಾಗಕ್ಕೆ. ರಾಜ್ಯದ ಹಲವು ಜಿಲ್ಲಾ ಕೇಂದ್ರಗಳಲ್ಲಿ ಈಗ ಮಾಪನ ಕೇಂದ್ರಗಳಿವೆ, ನಿಜ. ಆದರೆ ಜಿಲ್ಲಾ ಕೇಂದ್ರದ ಯಂತ್ರ ತನ್ನ ಸುತ್ತಲಿನ ಗಾಳಿಯ ಸುದ್ದಿ ಹೇಳೀತೇ ಹೊರತು ಐವತ್ತು ಕಿಲೋಮೀಟರ್ ಆಚೆಯ ಹೊಲದ ಸುದ್ದಿಯನ್ನಲ್ಲ.

2011ರ ಜನಗಣತಿಯ ಪ್ರಕಾರ ದೇಶದ ನೂರು ಜನರಲ್ಲಿ ಸುಮಾರು 69 ಮಂದಿ ಹಳ್ಳಿಯವರು. ಇಷ್ಟು ಜನ ಉಸಿರಾಡುವ ಗಾಳಿಯ ಬಗ್ಗೆ ನಮಗಿರುವುದು ಬಹುಮಟ್ಟಿಗೆ ಅಂದಾಜು ಮಾತ್ರ.

ಹೊಲದ ಗಾಳಿಯಲ್ಲಿ ಏನೇನಿದೆ

ಸುಗ್ಗಿಯ ಹೊಗೆ ಕಣ್ಣಿಗೆ ಕಾಣುತ್ತದೆ. ಬೆಳಗಾವಿ, ಬಾಗಲಕೋಟೆ ಕಡೆ ಕಬ್ಬು ಕಡಿದ ಮೇಲೆ ರವದಿಗೆ ಬೆಂಕಿ, ಕಾಲುವೆ ಬಯಲಿನಲ್ಲಿ ಭತ್ತದ ಹುಲ್ಲಿಗೆ ಬೆಂಕಿ, ಮಂಡ್ಯದ ಕಡೆ ಆಲೆಮನೆಯ ಒಲೆ, ಊರಾಚೆ ಇಟ್ಟಿಗೆ ಗೂಡು. ಇವೆಲ್ಲ ಋತುವಿಗೆ ತಕ್ಕಂತೆ ಬಂದು ಹೋಗುವಂಥವು. ವರ್ಷವಿಡೀ ಇರುವುದು ಸೌದೆ ಒಲೆಯ ಹೊಗೆ. 2016ರ ಮೇ ತಿಂಗಳಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ ಅಡುಗೆಮನೆಗೆ ಸಿಲಿಂಡರ್ ಬಂದಿದ್ದರೂ ಸ್ನಾನದ ಹಂಡೆಯ ಕೆಳಗೆ ಸೌದೆ ಉರಿಯುವ ಮನೆಗಳು ಇಂದಿಗೂ ಬೇಕಾದಷ್ಟಿವೆ. ಅಡುಗೆಮನೆಯ ಹೊಗೆ ಒಳಗೇ ಉಳಿಯುವುದಿಲ್ಲ. ಹೆಂಚಿನ ಸಂದಿಯಿಂದ, ಬೆಳಕಿಂಡಿಯಿಂದ ಹೊರಬಿದ್ದು ಇಡೀ ಕೇರಿಯ ಗಾಳಿಯಾಗುತ್ತದೆ.

ಹೊಗೆಯ ಜೊತೆಗೆ ದೂಳು. ಮೆಕ್ಕೆಜೋಳ, ತೊಗರಿಯ ರಾಶಿ ಮಾಡುವಾಗ ಏಳುವ ಹೊಟ್ಟು, ಒಣ ನೆಲದಲ್ಲಿ ರೂಟರ್ ಹೊಡೆದಾಗ ಏಳುವ ಮಣ್ಣು, ಜಲ್ಲಿ ಕ್ರಷರ್‌ನಿಂದ ಬಂದು ಹಿಪ್ಪುನೇರಳೆ ಎಲೆಯ ಮೇಲೆ ಕೂರುವ ಪುಡಿ. ಕಣದ ದೂಳಿನಲ್ಲಿ ಬೂಷ್ಟಿನ ಕಣಗಳೂ ಸೇರಿರುತ್ತವೆ. ಸುಗ್ಗಿಯಲ್ಲಿ ಕೆಲವರಿಗೆ ಉಬ್ಬಸ ಹೆಚ್ಚುವುದಕ್ಕೆ ಇದೂ ಒಂದು ಕಾರಣ.

ಕಣ್ಣಿಗೆ ಕಾಣದ ಇನ್ನೊಂದಿದೆ, ಅಮೋನಿಯಾ. ನೀರು ನಿಂತ ಗದ್ದೆಗೆ ಯೂರಿಯಾ ಎರಚಿದಾಗ ಅದರ ಒಂದು ಪಾಲು ಬಿಸಿಲಿಗೆ ಅಮೋನಿಯಾ ಅನಿಲವಾಗಿ ಹಾರಿಹೋಗುತ್ತದೆ. ತಿಪ್ಪೆ, ಕೊಟ್ಟಿಗೆ, ಕೋಳಿ ಫಾರಂಗಳಿಂದಲೂ ಬರುತ್ತದೆ. ವಿದ್ಯುತ್ ಸ್ಥಾವರ ಮತ್ತು ವಾಹನಗಳ ಹೊಗೆಯಿಂದ ಹುಟ್ಟಿದ ಆಮ್ಲಗಳ ಜೊತೆ ಗಾಳಿಯಲ್ಲೇ ಕೂಡಿ ಈ ಅನಿಲ ಮತ್ತೆ ಸೂಕ್ಷ್ಮ ಕಣವಾಗುತ್ತದೆ. ಹೊಲ ಕೊಟ್ಟದ್ದು, ಪೇಟೆ ಕೊಟ್ಟದ್ದು ಎರಡೂ ಸೇರಿ ಮೂರನೆಯದೊಂದು ಹುಟ್ಟುವ ಬಗೆ ಇದು. ಅಧಿಸೂಚನೆಯ 12 ವಸ್ತುಗಳಲ್ಲಿ ಅಮೋನಿಯಾ ಇದೆ. ಬೆಳೆಗೆ ಸಿಂಪಡಿಸಿ ಗಾಳಿಗೆ ತೇಲಿ ಹೋಗುವ ಕೀಟನಾಶಕ ಮಾತ್ರ ಆ ಪಟ್ಟಿಯಲ್ಲಿ ಇಲ್ಲ.

ಗಾಳಿಯನ್ನು ತೂಗುವುದು

ಗಾಳಿಯ ಕೊಳೆಯನ್ನು ಅಳೆಯುವ ಹಳೆಯ, ನಂಬಿಕಸ್ಥ ವಿಧಾನ ತಕ್ಕಡಿಯದು. ತೂಕ ನೋಡಿಟ್ಟ ಶೋಧಕ ಕಾಗದದ ಮೂಲಕ ಪಂಪಿನಿಂದ ಗಾಳಿ ಎಳೆಯುತ್ತಾರೆ. ಗಂಟೆಗೆ ಒಂದು ಘನ ಮೀಟರ್ ಎಳೆಯುವ ಪಂಪಾದರೆ 24 ಗಂಟೆಯಲ್ಲಿ 24 ಘನ ಮೀಟರ್. ಆಮೇಲೆ ಕಾಗದವನ್ನು ಮತ್ತೆ ತೂಗಿದರೆ ಹೆಚ್ಚಾದ ತೂಕವೇ ಅಂದಿನ ದೂಳು. ಗಾಳಿ ಸರಿಯಾಗಿ ಮಿತಿಯ ಅಂಚಿನಲ್ಲಿದ್ದರೆ, ಅಂದರೆ 60 ಮೈಕ್ರೊಗ್ರಾಂ ಇದ್ದರೆ, ದಿನವಿಡೀ ಕೂಡಿದ ದೂಳಿನ ತೂಕ ಒಂದೂವರೆ ಮಿಲಿಗ್ರಾಂ ಕೂಡ ಆಗದು. ಒಂದು ರಾಗಿ ಕಾಳಿನ ತೂಕದ ಅರ್ಧ ಎನ್ನಬಹುದು. ಇಷ್ಟು ಸಣ್ಣದನ್ನು ತೂಗಬೇಕಾದ್ದರಿಂದ ಕಾಗದಕ್ಕೆ ತಾಗಿದ ತೇವವೂ ಲೆಕ್ಕ ಕೆಡಿಸುತ್ತದೆ. ಅದಕ್ಕೇ ಪ್ರಯೋಗಾಲಯ ಬೇಕು, ಪಳಗಿದ ಕೈ ಬೇಕು.

ಈ ವಿಧಾನದಲ್ಲಿ ವಾರಕ್ಕೆ ಎರಡು ದಿನದಂತೆ ವರ್ಷಕ್ಕೆ ಕನಿಷ್ಠ 104 ದಿನ ಅಳೆಯಬೇಕು ಎಂಬುದು ನಿಯಮ. ಕಾರ್ಖಾನೆಯ ಹೊಗೆಗೆ ಇದು ಸಾಕಾದೀತು. ಹೊಲದ ಬೆಂಕಿ ಹಾಗಲ್ಲ. ಅಳೆಯದ ದಿನ ಹೊತ್ತಿಕೊಂಡರೆ ಅದು ದಾಖಲೆಗೇ ಬರುವುದಿಲ್ಲ.

ಎರಡನೆಯದು ಗಂಟೆಗಂಟೆಗೂ ತಾನೇ ಅಳೆಯುವ ಕೇಂದ್ರ. ಕಾಗದದ ಸುರುಳಿಯ ಮೇಲೆ ದೂಳು ಕೂರಿಸಿ, ಅದರ ಮೂಲಕ ಬೀಟಾ ಕಿರಣ ಹಾಯಿಸಿ, ಕಿರಣ ಎಷ್ಟು ಕುಂದಿತು ಎಂಬುದರಿಂದ ದೂಳಿನ ತೂಕ ಕಂಡುಹಿಡಿಯುತ್ತದೆ. ಅನಿಲಗಳಿಗೆ ಬೇರೆ ಬೇರೆ ಯಂತ್ರಗಳಿರುತ್ತವೆ. ಹವಾನಿಯಂತ್ರಿತ ಕೋಣೆ, ತಪ್ಪದ ವಿದ್ಯುತ್, ತಂತ್ರಜ್ಞರು ಎಲ್ಲ ಸೇರಿ ಒಂದು ಪೂರ್ಣ ಕೇಂದ್ರಕ್ಕೆ ಕೋಟಿ ರೂಪಾಯಿಯ ಆಸುಪಾಸು ಖರ್ಚು. ಹೋಬಳಿಗೊಂದು ಇಡುವ ಮಾತು ಸದ್ಯಕ್ಕೆ ಆಗದು.

ಮೂರನೆಯದು ಅಂಗೈಯಗಲದ ಸಂವೇದಕ. ಒಳಗೆ ಒಂದು ಲೇಸರ್ ಕಿರಣ, ಅದರ ಪಕ್ಕದಲ್ಲಿ ಬೆಳಕು ಗುರುತಿಸುವ ಬಿಲ್ಲೆ. ಕಣವೊಂದು ಹಾದುಹೋದಾಗ ಬೆಳಕು ಚದುರುತ್ತದೆ. ಚದುರಿದ ಬೆಳಕಿನಿಂದ ಕಣಗಳ ಸಂಖ್ಯೆ, ಗಾತ್ರ ಅಂದಾಜಿಸಿ ತೂಕ ಹೇಳುತ್ತದೆ. ಕೆಲವು ಸಾವಿರ ರೂಪಾಯಿಯಿಂದ ಶುರುವಾಗುವ ಈ ಪೆಟ್ಟಿಗೆ ಸೌರಫಲಕದಲ್ಲಿ ನಡೆಯುತ್ತದೆ, ಮೊಬೈಲ್ ಸಿಮ್ ಮೂಲಕ ಅಂಕಿ ಕಳುಹಿಸುತ್ತದೆ. ಹಳ್ಳಿಗೆ ಹೊಂದುವುದು ಇದೇ.

ಅಗ್ಗದ ಯಂತ್ರದ ಮಿತಿಗಳು

ಸಂವೇದಕ ತೂಗುವುದಿಲ್ಲ, ಅಂದಾಜಿಸುತ್ತದೆ ಎಂಬುದನ್ನು ಮರೆಯಬಾರದು. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಕಣಗಳು ನೀರು ಹೀರಿ ಉಬ್ಬುತ್ತವೆ. ಯಂತ್ರ ಅವನ್ನು ದೊಡ್ಡ ಕಣವೆಂದು ಎಣಿಸಿ ಹೆಚ್ಚು ತೋರಿಸುತ್ತದೆ. ಮಂಜಿನ ಹನಿಯನ್ನೂ ದೂಳೆಂದೇ ತಿಳಿದೀತು. ನೀರಾವರಿ ಬಯಲಿನ ಚಳಿಗಾಲದ ಬೆಳಗು ಇಂಥ ತಪ್ಪಿಗೆ ಹೇಳಿ ಮಾಡಿಸಿದ ಹೊತ್ತು. ಇನ್ನು ರಾಶಿಯ ಹೊಟ್ಟು, ಹೊಲದ ಮಣ್ಣಿನಂಥ ದಪ್ಪ ದೂಳನ್ನು ಇವು ಸರಿಯಾಗಿ ಹಿಡಿಯುವುದಿಲ್ಲ. ಅಲ್ಲಿ ಕಡಿಮೆ ತೋರಿಸುತ್ತವೆ.

ಪರಿಹಾರ ಇಲ್ಲದಿಲ್ಲ. ಊರಿಗೆ ಕಳುಹಿಸುವ ಮೊದಲು ಸಂವೇದಕವನ್ನು ದೊಡ್ಡ ಕೇಂದ್ರದ ಪಕ್ಕದಲ್ಲಿಟ್ಟು, ಎರಡರ ಅಂಕಿಯನ್ನೂ ಕೆಲವು ವಾರ ಹೋಲಿಸಿ, ತೇವ ಮತ್ತು ತಾಪಮಾನಕ್ಕೆ ತಕ್ಕ ತಿದ್ದುಪಡಿ ಕಂಡುಕೊಳ್ಳಬೇಕು. ಬೇಸಿಗೆಯ ತಿದ್ದುಪಡಿ ಚಳಿಗಾಲಕ್ಕೆ ಹೊಂದದು. ಆದ್ದರಿಂದ ಇದನ್ನು ಆಗಾಗ ಮಾಡುತ್ತಿರಬೇಕು. ಒಳದಾರಿಯಲ್ಲಿ ಜೇಡ ಬಲೆ ಕಟ್ಟದಂತೆ, ದೂಳು ಮೆತ್ತದಂತೆ ಒರೆಸಿಡಲು ಊರಿನಲ್ಲೇ ಒಬ್ಬರು ಬೇಕು.

ಎಲ್ಲಿಡುತ್ತೇವೆ ಎಂಬುದೂ ಮುಖ್ಯ. ನೆಲದಿಂದ ಮೂರರಿಂದ ಹತ್ತು ಮೀಟರ್ ಎತ್ತರದಲ್ಲಿ, ಸುತ್ತ ಗಾಳಿಯಾಡುವಂತೆ, ಒಲೆಯ ಚಿಮಣಿ, ಗಿರಣಿ, ಮಣ್ಣುರಸ್ತೆಗಳಿಂದ ದೂರ ಇಡಬೇಕು. ಆಲೆಮನೆಯ ಬೆನ್ನಿಗೆ ಇಟ್ಟರೆ ಆಲೆಮನೆಯ ಹೊಗೆ ಗೊತ್ತಾದೀತು, ಊರಿನ ಗಾಳಿ ಗೊತ್ತಾಗದು.

ಸರಾಸರಿಯಲ್ಲಿ ಮುಚ್ಚಿಹೋಗುವ ಹೊತ್ತು

2015ರಿಂದ ಬಳಕೆಯಲ್ಲಿರುವ ವಾಯು ಗುಣಮಟ್ಟ ಸೂಚ್ಯಂಕ ಎಂಟು ಮಾಲಿನ್ಯಕಾರಕಗಳನ್ನು ಗಮನಿಸಿ ಗಾಳಿಗೆ ಆರು ದರ್ಜೆ ಕೊಡುತ್ತದೆ. ಅದರ ಪಿಎಂ 2.5 ಲೆಕ್ಕ ನಿಂತಿರುವುದು 24 ಗಂಟೆಯ ಸರಾಸರಿಯ ಮೇಲೆ. ನಗರದಲ್ಲಿ ವಾಹನ ದಿನವಿಡೀ ಓಡುವುದರಿಂದ ಸರಾಸರಿಗೆ ಅರ್ಥವಿದೆ. ಹಳ್ಳಿಯಲ್ಲಿ ಹೊಗೆ ಬರುವುದು ಒಮ್ಮೆಗೇ.

ಒಂದು ಲೆಕ್ಕ ಹಾಕಿ ನೋಡಿ. ಸಂಜೆಯ ಮೂರು ಗಂಟೆ ಕಾಲ ಪಿಎಂ 2.5 ಮಟ್ಟ 300 ಇತ್ತು, ಉಳಿದ 21 ಗಂಟೆ 30 ಇತ್ತು ಎಂದುಕೊಳ್ಳೋಣ. ದಿನದ ಸರಾಸರಿ ಸುಮಾರು 64. ಮಿತಿಯನ್ನು ಕೊಂಚವೇ ದಾಟಿದ ಸಾಧಾರಣ ದಿನವೆಂದು ಪಟ್ಟಿ ಹೇಳುತ್ತದೆ. ಆ ಮೂರು ಗಂಟೆ ಬದುವಿನಲ್ಲಿ ನಿಂತಿದ್ದವರ ಎದೆಗೆ ಹೊಕ್ಕಿದ್ದು 300ರ ಗಾಳಿ.

ಚಳಿಗಾಲದಲ್ಲಿ ಇದು ಇನ್ನೂ ಬಿಗಿಯಾಗುತ್ತದೆ. ರಾತ್ರಿ ನೆಲ ಬೇಗ ತಣಿದು, ನೆಲದ ಮಗ್ಗುಲಿನ ಗಾಳಿ ಮೇಲಿನ ಗಾಳಿಗಿಂತ ತಂಪಾಗುತ್ತದೆ. ತಂಪು ಗಾಳಿ ಭಾರ, ಮೇಲೇಳುವುದಿಲ್ಲ. ಸಂಜೆಯ ಹೊಗೆ, ಬೆಳಗಿನ ಒಲೆಯ ಹೊಗೆ ಎರಡೂ ಅದರಲ್ಲೇ ಸಿಕ್ಕಿಕೊಂಡು ಬಿಸಿಲೇರುವ ತನಕ ಕದಲದೆ ಉಳಿಯುತ್ತವೆ. ಹಾಗಾಗಿ ಹಳ್ಳಿಗೆ ಗಂಟೆಗಂಟೆಯ ಅಳತೆ ಬೇಕು, ಅದರಲ್ಲೂ ಸಂಜೆಯ ಮತ್ತು ಮುಂಜಾವಿನ ಅಳತೆ ತಪ್ಪಬಾರದು.

ಉಪಗ್ರಹ ಸಾಲದೇ?

ಹೊಲದ ಬೆಂಕಿಯನ್ನು ಉಪಗ್ರಹಗಳು ಎಣಿಸುತ್ತವೆ. ಪಂಜಾಬ್, ಹರಿಯಾಣಗಳಲ್ಲಿ ಇಂದು ಇಷ್ಟು ಕಡೆ ಬೆಂಕಿ ಎಂದು ಪ್ರತಿ ಅಕ್ಟೋಬರ್, ನವೆಂಬರ್‌ನಲ್ಲಿ ಬರುವ ಸುದ್ದಿಯ ಮೂಲ ಅದೇ. ಧ್ರುವದಿಂದ ಧ್ರುವಕ್ಕೆ ಸುತ್ತುವ ಈ ಉಪಗ್ರಹಗಳಲ್ಲಿ ಕೆಲವು ನಮ್ಮ ಮೇಲೆ ಹಾಯುವುದು ಮಧ್ಯಾಹ್ನ ಒಂದೂವರೆಯ ಸುಮಾರಿಗೆ, ಮತ್ತೆ ನಡುರಾತ್ರಿ ದಾಟಿದ ಮೇಲೆ. ಸಂಜೆ ಹೊತ್ತಿ ರಾತ್ರಿಯೊಳಗೆ ಆರಿದ ಬೆಂಕಿ ಅವುಗಳ ಲೆಕ್ಕಕ್ಕೆ ಸಿಗುವುದಿಲ್ಲ. ಮೋಡವಿದ್ದರೂ ಸಿಗದು, ಸಣ್ಣ ಗದ್ದೆಯ ಸಣ್ಣ ಬೆಂಕಿಯೂ ತಪ್ಪಿಹೋದೀತು.

ದೂಳಿನ ವಿಷಯಕ್ಕೆ ಬಂದರೆ, ಉಪಗ್ರಹ ಕಾಣುವುದು ನೆಲದಿಂದ ಆಕಾಶದವರೆಗಿನ ಒಟ್ಟು ಮಬ್ಬನ್ನು. ಮೂಗಿನ ಮಟ್ಟದಲ್ಲಿ ಎಷ್ಟಿದೆ ಎಂದು ತಿಳಿಯಬೇಕಾದರೆ ನೆಲದ ಯಂತ್ರದ ಅಂಕಿಗೆ ಹೋಲಿಸಿಯೇ ಅಂದಾಜಿಸಬೇಕು. ನೆಲದ ಯಂತ್ರಗಳು ಹೆಚ್ಚಾಗಿ ಇರುವುದು ನಗರದಲ್ಲಿ. ಹಳ್ಳಿಯ ಅಂದಾಜು ಕೂಡ ಹೀಗೆ ನಗರದ ಅಳತೆಯನ್ನೇ ಆಧರಿಸಿದೆ.

ಬಿಹಾರ ತೋರಿದ ದಾರಿ

ಈ ಕೊರತೆ ತುಂಬುವ ದೊಡ್ಡ ಪ್ರಯತ್ನ ನಡೆದದ್ದು ಗಂಗಾ ಬಯಲಿನಲ್ಲಿ. ಐಐಟಿ ಕಾನ್ಪುರದ ವಿಜ್ಞಾನಿಗಳು ‘ಅಮೃತ್’ ಎಂಬ ಯೋಜನೆಯಡಿ ಬಿಹಾರ ಮತ್ತು ಉತ್ತರ ಪ್ರದೇಶದ ಬ್ಲಾಕ್‌ಗಳಿಗೆ ದೇಶೀಯವಾಗಿ ರೂಪಿಸಿದ ಸಂವೇದಕಗಳನ್ನು ಒಯ್ದರು. ಬ್ಲಾಕಿಗೊಂದರಂತೆ ಒಟ್ಟು ಸುಮಾರು 1,400. ಬಿಹಾರ ಒಂದರಲ್ಲೇ 534 ಬ್ಲಾಕುಗಳಿವೆ. ರಾಜಧಾನಿ ಪಟ್ನಾದ ಗಾಳಿಯ ಸುದ್ದಿಯನ್ನಷ್ಟೇ ಕೇಳುತ್ತಿದ್ದ ರಾಜ್ಯಕ್ಕೆ ತನ್ನ ಮೂಲೆ ಮೂಲೆಯ ಗಾಳಿಯನ್ನೂ ನೋಡುವ ಅನುಕೂಲ ಇದರಿಂದ ಸಿಕ್ಕಿತು. ಒಂದು ರಾಜ್ಯ ಮನಸ್ಸು ಮಾಡಿದರೆ ಇದು ಕೈಗೆಟುಕುವ ಕೆಲಸ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಎದೆಗೂ ಏಟು, ಪೈರಿಗೂ ಏಟು

‘ಲ್ಯಾನ್ಸೆಟ್ ಪ್ಲಾನೆಟರಿ ಹೆಲ್ತ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದರ ಪ್ರಕಾರ 2019ರಲ್ಲಿ ಭಾರತದಲ್ಲಿ ವಾಯು ಮಾಲಿನ್ಯದಿಂದಾದ ಸಾವು 16.7 ಲಕ್ಷ. ಇದರಲ್ಲಿ ಹೊರಗಿನ ಗಾಳಿಯ ಕಣಗಳ ಪಾಲು 9.8 ಲಕ್ಷ, ಮನೆಯೊಳಗಿನ ಹೊಗೆಯ ಪಾಲು 6.1 ಲಕ್ಷ. ಬೀಡಿ ಮುಟ್ಟದ ಹೆಂಗಸರಿಗೂ ಶ್ವಾಸಕೋಶ ಕಟ್ಟಿಕೊಳ್ಳುವ ಕಾಯಿಲೆ ಬರುವುದರ ಹಿಂದೆ ಹಲವು ವರ್ಷ ಕುಡಿದ ಒಲೆಯ ಹೊಗೆ ಇದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅದು ‘ಕೆಮ್ಮು, ದಮ್ಮು’ ಎಂದು ಬರೆಯಿಸಿಕೊಂಡು ಮುಗಿಯುತ್ತದೆ. ಆ ವಾರ ಗಾಳಿ ಹೇಗಿತ್ತು ಎಂಬುದು ಚೀಟಿಯಲ್ಲಿ ಇರುವುದಿಲ್ಲ.

ಗಾಳಿ ಕೆಟ್ಟರೆ ಬೆಳೆಯೂ ನಷ್ಟ ಹೊರುತ್ತದೆ. ವಾಹನ, ಕಾರ್ಖಾನೆಗಳ ಹೊಗೆಯ ಮೇಲೆ ಬಿಸಿಲು ಬಿದ್ದಾಗ ನೆಲಮಟ್ಟದಲ್ಲಿ ಓಜೋನ್ ಹುಟ್ಟುತ್ತದೆ. ನಗರದೊಳಗೆ ವಾಹನದ ಹೊಗೆಯೇ ಅದರ ಒಂದಿಷ್ಟನ್ನು ಅಳಿಸಿಹಾಕುತ್ತದೆ. ಗಾಳಿ ಬೀಸಿದ ದಿಕ್ಕಿನ ಹಳ್ಳಿಗಳಲ್ಲಿ ಅಳಿಸುವುದೇನೂ ಇಲ್ಲ, ಹಾಗಾಗಿ ಅಲ್ಲಿ ಓಜೋನ್ ನಗರಕ್ಕಿಂತ ಹೆಚ್ಚಿರುವುದುಂಟು. ಬಣ್ಣವಿಲ್ಲದ ಈ ಅನಿಲ ಎಲೆಯ ರಂಧ್ರದಿಂದ ಒಳಹೊಕ್ಕು ಪೈರು ಆಹಾರ ತಯಾರಿಸುವ ಶಕ್ತಿಯನ್ನೇ ಕುಗ್ಗಿಸುತ್ತದೆ. ಗೋಧಿ, ಸೋಯಾ ಇದಕ್ಕೆ ಬೇಗ ಸೋಲುವ ಬೆಳೆಗಳು. ರೋಗವಿಲ್ಲ, ಹುಳವಿಲ್ಲ, ನೀರಿಗೂ ಕೊರತೆಯಿಲ್ಲ, ಆದರೂ ಇಳುವರಿ ಕಡಿಮೆ ಎಂದರೆ ಕಾರಣ ಗಾಳಿಯಲ್ಲೂ ಇರಬಹುದು. ಅಳೆಯದೆ ಅದನ್ನು ಹೇಳುವಂತಿಲ್ಲ.

ಮಳೆಮಾಪಕ ಕಲಿಸಿದ್ದು

ಇಂಥ ಜಾಲ ಕಟ್ಟುವುದು ಕರ್ನಾಟಕಕ್ಕೆ ಹೊಸತೇನಲ್ಲ. 1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಹುಟ್ಟಿದ ಇಂದಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕ, ಹೋಬಳಿ ಮಟ್ಟದಲ್ಲಿ ಹವಾಮಾನ ಕೇಂದ್ರ ನೆಟ್ಟಿದೆ. ಮಳೆಮಾಪಕಗಳೇ ಆರು ಸಾವಿರಕ್ಕೂ ಹೆಚ್ಚು. ಮೊದಲು ತಾಲ್ಲೂಕು ಕೇಂದ್ರದಲ್ಲಿ ಮಳೆ ಬಿದ್ದರೆ ಇಡೀ ತಾಲ್ಲೂಕಿಗೇ ಬಿದ್ದಂತೆ ಲೆಕ್ಕವಾಗುತ್ತಿತ್ತು. ಪಕ್ಕದ ಊರಿಗೆ ಬಂದ ಮಳೆ ನಮ್ಮ ಹೊಲಕ್ಕೆ ಬರಲಿಲ್ಲ ಎಂಬ ರೈತನ ಮಾತಿಗೆ ಈಗ ದಾಖಲೆಯ ಬಲವಿದೆ. ಅಡಿಕೆ, ಮೆಣಸಿನಂಥ ಬೆಳೆಗಳ ಹವಾಮಾನ ಆಧಾರಿತ ವಿಮೆ ಇಂಥ ಅಂಕಿಗಳ ಮೇಲೆಯೇ ನಡೆಯುತ್ತದೆ.

ಹೋಬಳಿಯ ಹವಾಮಾನ ಕೇಂದ್ರದಲ್ಲಿ ಕಂಬ ಇದೆ, ಸೌರಫಲಕ ಇದೆ, ಅಂಕಿ ಕಳುಹಿಸುವ ವ್ಯವಸ್ಥೆ ಇದೆ. ಸಂವೇದಕದ ಅಂಕಿ ತಿದ್ದಲು ಬೇಕಾದ ತೇವ, ತಾಪಮಾನ, ಗಾಳಿಯ ದಿಕ್ಕು ಅಲ್ಲೇ ದಾಖಲಾಗುತ್ತಿದೆ. ಅದೇ ಆವರಣದಲ್ಲಿ ಒಂದು ಗಾಳಿಪೆಟ್ಟಿಗೆಯನ್ನೂ ಸೇರಿಸಬಹುದು. ಮಾಲಿನ್ಯ ನಿಯಂತ್ರಣ ಮಂಡಳಿ, ಕೃಷಿ ವಿಶ್ವವಿದ್ಯಾಲಯಗಳು, ಆರೋಗ್ಯ ಇಲಾಖೆ ಕೈಜೋಡಿಸಿದರೆ ಭತ್ತದ ನಾಡು, ಕಬ್ಬಿನ ನಾಡು, ರೇಷ್ಮೆಯ ನಾಡು ಎಂದು ಪ್ರದೇಶಕ್ಕೆ ತಕ್ಕಂತೆ ಆರಂಭಿಸಬಹುದು.

ಅಳತೆ ಯಾರ ಪರ?

ಇಲ್ಲಿ ರೈತರಿಗೆ ಒಂದು ಅಳುಕು ಇದ್ದೇ ಇರುತ್ತದೆ: ಯಂತ್ರ ಬಂದ ಮೇಲೆ ದಂಡದ ನೋಟಿಸೂ ಬರುತ್ತದೆಯೇ? ಈ ಅಳುಕಿಗೆ ಆಧಾರವಿದೆ. ಉತ್ತರದಲ್ಲಿ ಹೊಲದ ಬೆಂಕಿಯನ್ನು ಎಣಿಸಿದ್ದು ಹೆಚ್ಚಾಗಿ ದೆಹಲಿಯ ಶ್ವಾಸಕೋಶದ ಲೆಕ್ಕದಲ್ಲಿ. ಪಂಜಾಬ್ 2009ರಲ್ಲಿ ಅಂತರ್ಜಲ ಉಳಿಸಲೆಂದು ಭತ್ತದ ನಾಟಿಯನ್ನು ಜೂನ್‌ವರೆಗೆ ಮುಂದೂಡುವ ಕಾಯ್ದೆ ತಂದಿತು. ಕಟಾವು ಅಕ್ಟೋಬರ್ ಕೊನೆಗೆ ಜಾರಿತು, ಗೋಧಿ ಬಿತ್ತನೆಗೆ ಉಳಿದ ದಿನಗಳು ಕಡಿಮೆಯಾದವು, ಬೆಂಕಿಯೇ ಸುಲಭದ ದಾರಿಯಾಯಿತು. ನೀರು ಉಳಿಸುವ ಒಳ್ಳೆಯ ಉದ್ದೇಶವೇ ಹೊಗೆಯನ್ನು ಚಳಿಯ ಬಾಗಿಲಿಗೆ ತಳ್ಳಿತು. ಬೈಗುಳ ಮಾತ್ರ ಬೆಂಕಿ ಹಚ್ಚಿದವನ ಪಾಲಿಗೆ ಬಂತು.

ನಮ್ಮಲ್ಲೂ ಹುಲ್ಲು ಸುಡುವವರು ಹಟಕ್ಕೆ ಸುಡುವುದಿಲ್ಲ. ಕೊಯ್ಯಲು ಆಳಿಲ್ಲ, ಯಂತ್ರ ಬಿಟ್ಟುಹೋದ ಕೂಳೆ ತೆಗೆಯಲು ಹಣವಿಲ್ಲ, ಮುಂದಿನ ನಾಟಿಗೆ ದಿನವಿಲ್ಲ. ಒಂದು ಟನ್ ಭತ್ತದ ಹುಲ್ಲು ಸುಟ್ಟರೆ ಸುಮಾರು 400 ಕಿಲೊ ಸಾವಯವ ಇಂಗಾಲ, ಐದೂವರೆ ಕಿಲೊ ಸಾರಜನಕ ಕಳೆದುಹೋಗುತ್ತದೆ ಎಂದು ಕೃಷಿ ವಿಜ್ಞಾನಿಗಳು ಹೇಳುತ್ತಾರೆ. ಆ ನಷ್ಟ ರೈತನದೇ. ಮೊದಲ ಹೊಗೆ ಕುಡಿಯುವವನೂ ಅವನೇ. ಹೀಗಿರುವಾಗ ಅಳತೆ ಅವನ ಪರವಾಗಿ ನಿಲ್ಲಬೇಕು.

ಅಂಕಿ ಕೈಯಲ್ಲಿದ್ದರೆ ಹುಲ್ಲು ಸುತ್ತುವ ಯಂತ್ರ ನಮ್ಮ ಹೋಬಳಿಗೆ ಬೇಕು, ಇಂಥ ವಾರಗಳಲ್ಲೇ ಬೇಕು ಎಂದು ಗ್ರಾಮಸಭೆಯಲ್ಲಿ ಪಟ್ಟು ಹಿಡಿದು ಕೇಳಬಹುದು. ಕ್ರಷರ್ ದೂಳಿನ ದೂರಿಗೆ ಸಾಕ್ಷಿ ಸಿಗುತ್ತದೆ. ಯಾವ ತಿಂಗಳಲ್ಲಿ ದಮ್ಮಿನವರ ಮನೆಗೆ ಮೊದಲು ಹೋಗಬೇಕು ಎಂದು ಆಶಾ ಕಾರ್ಯಕರ್ತೆಗೆ ಗೊತ್ತಾಗುತ್ತದೆ. ಮಕ್ಕಳನ್ನು ಬೆಳಗಿನ ಕವಾಯತಿಗೆ ಯಾವ ದಿನ ಹೊರಗೆ ನಿಲ್ಲಿಸಬಾರದು ಎಂಬುದು ಶಾಲೆಗೆ ತಿಳಿಯುತ್ತದೆ. ಇದಕ್ಕೆಲ್ಲ ಒಂದು ಷರತ್ತಿದೆ: ಅಂಕಿ ಯಾವುದೋ ಕಚೇರಿಯ ಕಂಪ್ಯೂಟರಿಗೆ ಹೋಗಿ ಕೂರದೆ ಪಂಚಾಯಿತಿಯ ಫಲಕದ ಮೇಲೆ, ಮಳೆಯ ಅಂಕಿಯ ಪಕ್ಕದಲ್ಲಿ, ಎಲ್ಲರಿಗೂ ಓದಲು ಬರುವ ಕನ್ನಡದಲ್ಲಿ ಇರಬೇಕು.

ಗಾಳಿಯ ಮಿತಿ ಹಳ್ಳಿಗೂ ನಗರಕ್ಕೂ ಒಂದೇ ಎಂದು 2009ರಲ್ಲೇ ಬರೆದಾಗಿದೆ. ಆ ಮಿತಿ ದಾಟಿತೋ ಇಲ್ಲವೋ ಎಂದು ತಿಳಿಯುವ ಹಕ್ಕು ಅನ್ನ ಬೆಳೆಯುವವರಿಗೂ ಇದೆ. ಮುಂದಿನ ಬಜೆಟ್‌ನಲ್ಲಿ, ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ನೀರು, ದೀಪದ ಜೊತೆ ಗಾಳಿಯ ಅಳತೆಯನ್ನೂ ಹೆಸರಿಟ್ಟು ಕೇಳಬೇಕು.